ಎಂ.ಎ. ಇತಿಹಾಸಕ್ಕೆ ಎಲ್ಲಿಗೆ: ಗಂಗೋತ್ರಿಯಾ, ಕೊಣಾಜೆಯಾ, ಚಿಕ್ಕ ಅಳುವಾರವಾ?

ಹೂಮಳೆ ಮೂರ್ನಾಡು:
ಎಲ್ಲರಿಗೂ ನಮಸ್ಕಾರ. ತಂಗಿ ಈ ವರ್ಷ ವಿರಾಜಪೇಟೆಯಲ್ಲಿ ಬಿ.ಎ. ಮುಗಿಸುತ್ತಾಳೆ. ಇತಿಹಾಸ ಅಂದ್ರೆ ಪ್ರಾಣ. ಎಲ್ಲಾದರೂ ಹಳೇ ಕಲ್ಲು ಕಂಡರೆ ಸಾಕು, ಗಾಡಿ ನಿಲ್ಲಿಸು ಅಂತಾಳೆ. ಎಂ.ಎ. ಮಾಡೇ ಮಾಡ್ತೀನಿ ಅಂತ ಹಟ ಹಿಡಿದಿದ್ದಾಳೆ, ಅದರಲ್ಲೂ ಶಾಸನದ ಕಡೆ ಒಲವು ಜಾಸ್ತಿ. ಮನೆಯಲ್ಲಿ ಮೂರು ಪಾರ್ಟಿ ಆಗಿದೆ. ಅಪ್ಪ ಮೈಸೂರು ವಿವಿಯ ಗಂಗೋತ್ರಿ ಅಂತಾರೆ. ಚಿಕ್ಕಪ್ಪ ಕೊಣಾಜೆಯಲ್ಲಿ, ಅಂದರೆ ಮಂಗಳೂರು ವಿವಿಯಲ್ಲಿ ಓದಿದವರು, ಅವರಿಗೆ ಅದು ಬಿಟ್ಟು ಬೇರೆ ಲೋಕವೇ ಇಲ್ಲ. ಅಮ್ಮನಿಗೆ ಮಗಳು ಹತ್ತಿರ ಇರಬೇಕು, ಹಾಗಾಗಿ ಚಿಕ್ಕ ಅಳುವಾರದ ಕೊಡಗು ವಿಶ್ವವಿದ್ಯಾಲಯ. ಅದನ್ನೇ ಮುಚ್ಚುತ್ತಾರೆ ಅಂತ ಸುದ್ದಿ ಬಂದಿತ್ತಲ್ಲ, ಅದೂ ಒಂದು ಹೆದರಿಕೆ. ನಮ್ಮದು ಸಣ್ಣ ತೋಟ, ಖರ್ಚು ನೋಡಲೇಬೇಕು. ಓದಿದವರು ಇದ್ದರೆ ಹೇಳಿ. ಯಾವುದಕ್ಕೆ ಹೆಸರು ಜಾಸ್ತಿ ಅಂತ ಬೇಡ, ಅಲ್ಲಿ ಹೋದರೆ ಅವಳಿಗೆ ಏನು ಸಿಗುತ್ತದೆ ಅಂತ ಹೇಳಿ ಸಾಕು.

ಹಾರಂಗಿ ದಂಡೆ:
ಮೊದಲು ಮೂರೂ ಕಡೆ ಫೋನ್ ಮಾಡಿ, ಈ ವರ್ಷ ಇತಿಹಾಸಕ್ಕೆ ಸೀಟು ಎಷ್ಟು, ಕಾಯಂ ಮೇಷ್ಟ್ರು ಎಷ್ಟು ಜನ, ಅತಿಥಿ ಉಪನ್ಯಾಸಕರು ಎಷ್ಟು ಜನ ಅಂತ ಕೇಳಿ. ಹೊಸ ವಿವಿಗಳಲ್ಲಿ ಕೋರ್ಸ್ ಪಟ್ಟಿ ವರ್ಷ ವರ್ಷ ಬದಲಾಗುತ್ತದೆ. ವೆಬ್‌ಸೈಟ್ ನೋಡಿ ನಂಬಬೇಡಿ.

ಕೊಣಾಜೆ ಬ್ಯಾಚ್:
ನಿಮ್ಮ ಚಿಕ್ಕಪ್ಪನ ಪಾರ್ಟಿಗೆ ನಾನೂ ಸೇರುತ್ತೇನೆ 😄 ಕೊಣಾಜೆ ಅಂದರೆ ಮಂಗಳಗಂಗೋತ್ರಿ. 1968ರಲ್ಲಿ ಮೈಸೂರು ವಿವಿಯ ಸ್ನಾತಕೋತ್ತರ ಕೇಂದ್ರ ಆಗಿ ಶುರುವಾಯಿತು, 1980ರ ಸೆಪ್ಟೆಂಬರ್ 10ಕ್ಕೆ ಸ್ವಂತ ವಿಶ್ವವಿದ್ಯಾಲಯ ಆಯಿತು. ಮೊದಲ ಕುಲಪತಿ ಬಿ. ಶೇಖ್ ಅಲಿ, ಅವರೇ ಇತಿಹಾಸದ ಮೇಷ್ಟ್ರು. ಕರಾವಳಿ ಮತ್ತು ಕೊಡಗು ಎರಡೂ ಅದರ ಕೆಳಗೆ ಇತ್ತು. ನಮ್ಮ ಕಾಲದ ಕೊಡಗಿನ ಅರ್ಧ ಮೇಷ್ಟ್ರುಗಳು ಅಲ್ಲಿಂದ ಬಂದವರೇ.
ಗುಡ್ಡದ ಮೇಲೆ ಕ್ಯಾಂಪಸ್. ಸಂಜೆ ಗಾಳಿ ಬೀಸಿದರೆ ಸ್ವರ್ಗ, ಏಪ್ರಿಲ್ ಮಧ್ಯಾಹ್ನ ಮಾತ್ರ ಕೇಳಬೇಡಿ. ಮಡಿಕೇರಿ ಚಳಿಗೆ ಒಗ್ಗಿದ ಮೈ, ಮೊದಲ ತಿಂಗಳು ಬೆವರಿ ಬೆವರಿ ಸಾಕಾಗಿತ್ತು. ಆಟ, ನಾಟಕ, ಯಕ್ಷಗಾನ ಎಲ್ಲ ಜೋರು. ಅಂತರ ಕಾಲೇಜು ಹಾಕಿ ಅಂದರೆ ನಮ್ಮವರದ್ದೇ ದರ್ಬಾರು.

ಏಲಕ್ಕಿ ಭಾಗಮಂಡಲ:
ಕೊಣಾಜೆ ಒಳ್ಳೆಯದೇ, ಇಲ್ಲ ಅನ್ನಲ್ಲ. ಆದರೆ ಮಂಗಳೂರು ರಸ್ತೆಯ ಸಂಪಾಜೆ ಘಾಟಿ ಮರೀಬೇಡಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜಾರಿ ರಸ್ತೆ ವಾರಗಟ್ಟಲೆ ಬಂದ್ ಆಗಿತ್ತು. ಆಗ ಸುಳ್ಯ, ಪುತ್ತೂರು, ಮಂಗಳೂರಲ್ಲಿ ಓದುತ್ತಿದ್ದ ನಮ್ಮ ಮಕ್ಕಳು ಮನೆಗೆ ಬರಕ್ಕೆ ಎಷ್ಟು ಸುತ್ತಾಡಿದರು ಅಂತ ನೆನಪಿದೆ. ಪ್ರತಿ ಮಳೆಗಾಲಕ್ಕೂ ಅದೇ ಟೆನ್ಷನ್. ಮೈಸೂರು ರಸ್ತೆಗೆ ಆ ಕಾಟ ಕಡಿಮೆ.

ನಿವೃತ್ತ ಮೇಷ್ಟ್ರು ಸೋಮವಾರಪೇಟೆ:
ತಮ್ಮಾ, ನಿಮ್ಮ ತಂಗಿಯ ಆಸೆ ಕೇಳಿ ಖುಷಿಯಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಕೊಡಗಿನವರು ಮೊದಲಿಂದಲೂ ಬೇರೆಯವರ ವಿಶ್ವವಿದ್ಯಾಲಯದಲ್ಲೇ ಓದಿದವರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಮಡಿಕೇರಿ ಸೆಂಟ್ರಲ್ ಹೈಸ್ಕೂಲ್ ಮುಗಿಸಿ ಕಾಲೇಜಿಗೆ ಮದ್ರಾಸಿನ ಪ್ರೆಸಿಡೆನ್ಸಿಗೆ ಹೋಗಬೇಕಾಯಿತು. ಇಲ್ಲಿ ಕಾಲೇಜೇ ಇರಲಿಲ್ಲ. ಮಡಿಕೇರಿಯಲ್ಲಿ ಸರ್ಕಾರಿ ಕಾಲೇಜು ಶುರುವಾಗಿದ್ದೇ 1949ರಲ್ಲಿ, ಈಗ ಅದಕ್ಕೆ ಅವರದ್ದೇ ಹೆಸರು. ಮೊದಲು ಮದ್ರಾಸ್ ವಿವಿ, 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಮೈಸೂರು ವಿವಿ, 1980ರಿಂದ ಮಂಗಳೂರು ವಿವಿ. ಒಂದೇ ಮನೆಯಲ್ಲಿ ಅಜ್ಜ, ಅಪ್ಪ, ಮಗ ಮೂವರ ಡಿಗ್ರಿ ಸರ್ಟಿಫಿಕೇಟ್ ಮೇಲೂ ಬೇರೆ ಬೇರೆ ಮುದ್ರೆ ಇರುವುದನ್ನು ನೋಡಿದ್ದೇನೆ.

ಈಗ ಮೈಸೂರಿನ ವಿಷಯ. 1916ರ ಜುಲೈ 27ಕ್ಕೆ ಶುರುವಾದದ್ದು. ನಾಲ್ವಡಿಯವರು ಕುಲಾಧಿಪತಿ, ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ, ಹಿಂದೆ ನಿಂತು ಕೆಲಸ ಮಾಡಿಸಿದವರು ದಿವಾನ್ ವಿಶ್ವೇಶ್ವರಯ್ಯ. ಅಲ್ಲಿಯವರೆಗೆ ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಮದ್ರಾಸ್ ವಿವಿಯ ಕೆಳಗೇ ಇದ್ದವು. ಬ್ರಿಟಿಷರ ಆಡಳಿತದ ಹೊರಗೆ, ಒಂದು ಸಂಸ್ಥಾನ ತಾನೇ ಕಟ್ಟಿದ ಮೊದಲ ವಿಶ್ವವಿದ್ಯಾಲಯ ಇದು. ನಮ್ಮ ಕೊಡಗು ಆಗ ಚೀಫ್ ಕಮಿಷನರ್ ಕೈಯಲ್ಲಿ, ಅಂಥ ಆಲೋಚನೆಗೇ ಜಾಗ ಇರಲಿಲ್ಲ.

ಅಲ್ಲಿನ ಕ್ಯಾಂಪಸ್‌ಗೆ ಮಾನಸಗಂಗೋತ್ರಿ ಅಂತ ಹೆಸರಿಟ್ಟವರು ಕುವೆಂಪು. ಅವರು 1956ರಿಂದ 1960ರವರೆಗೆ ಕುಲಪತಿ. ಕನ್ನಡದಲ್ಲೇ ಡಿಗ್ರಿ ಓದಬಹುದು ಅಂತ ಹಟ ಹಿಡಿದು ಪಠ್ಯ ಬರೆಸಿದ ಕಾಲ ಅದು. ನಿಮ್ಮ ತಂಗಿ ಕನ್ನಡ ಮಾಧ್ಯಮದವಳಾದರೆ ಈ ಮಾತು ಮುಖ್ಯ. ಅಲ್ಲಿ ಇತಿಹಾಸದ ಪುಸ್ತಕ ಕನ್ನಡದಲ್ಲಿ ರಾಶಿ ಸಿಗುತ್ತದೆ. ವಿವಿಯ ಪ್ರಕಟಣಾ ವಿಭಾಗವಾದ ಪ್ರಸಾರಾಂಗದ ಮಳಿಗೆಗೆ ಹೋದರೆ ಹಳೇ ದರದಲ್ಲಿ ಕೊಡುವ ಪುಸ್ತಕಗಳೂ ಇರುತ್ತವೆ, ಚೀಲ ತೆಗೆದುಕೊಂಡು ಹೋಗಲಿ.

ಶಾಸನ ಅಂದರೆ ಇನ್ನೂ ಒಂದು ಕಾರಣ. ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಗ್ರಹದ ಸಂಪುಟಗಳನ್ನು ಶುರು ಮಾಡಿದ್ದು ನಮ್ಮಿಂದಲೇ. ಮೊದಲ ಸಂಪುಟವೇ ಕೊಡಗಿನ ಶಾಸನಗಳು, 1886. ಅದನ್ನು ಪರಿಷ್ಕರಿಸಿ 1972ರಲ್ಲಿ ಮತ್ತೆ ತಂದದ್ದು ಮೈಸೂರು ವಿವಿಯ ಕನ್ನಡ ಅಧ್ಯಯನ ಸಂಸ್ಥೆ. ಗಂಗರ ಬಿಳಿಯೂರು ಶಾಸನ ಅದರಲ್ಲಿದೆ. ಗಂಗ ದೊರೆ ಅವಿನೀತನ ಹೆಸರಿನ ಮಡಿಕೇರಿ ತಾಮ್ರಪಟ ಇದೆ, ಅದು ನಿಜವಾಗಿ ಯಾವ ಕಾಲದ್ದು ಅಂತ ವಿದ್ವಾಂಸರು ಇವತ್ತಿಗೂ ಒಪ್ಪಿಲ್ಲ. ಎಂ.ಎ. ಪ್ರಬಂಧಕ್ಕೆ ಇದಕ್ಕಿಂತ ಒಳ್ಳೇ ವಿಷಯ ಬೇಕಾ?

ಹೂಮಳೆ ಮೂರ್ನಾಡು:
ಮೇಷ್ಟ್ರೇ, ಇದನ್ನು ತಂಗಿಗೆ ಓದಿ ಹೇಳಿದೆ. ತಾಮ್ರಪಟದ ಮಾತು ಬಂದ ಕೂಡಲೇ ಫೋನ್ ಕಿತ್ತುಕೊಂಡಳು.

ಗಂಗೋತ್ರಿ ಹಳೇ ಹಾಸ್ಟೆಲ್:
ನಾನು ಗಂಗೋತ್ರಿಯಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ಓದಿದವಳು, ಊರು ಶನಿವಾರಸಂತೆ. ಮೇಷ್ಟ್ರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ.

ಅಲ್ಲಿ ಇತಿಹಾಸ ಬೇರೆ ವಿಭಾಗ, ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ಬೇರೆ ವಿಭಾಗ. ಅರ್ಜಿ ಹಾಕುವಾಗ ತುಂಬಾ ಜನ ಇದನ್ನು ಗಮನಿಸುವುದಿಲ್ಲ. ಶಾಸನ ಬೇಕು ಅಂದರೆ ಎರಡನೆಯದು ನೋಡಿ. ಬರೀ ಬ್ರಿಟಿಷರು, ಗಾಂಧಿ, ಟಿಪ್ಪು ಬೇಕು ಅಂದರೆ ಮೊದಲನೆಯದು.

ನಮಗೆ ಶಾಸನದ ಪಡಿಯಚ್ಚು ತೆಗೆಯಲು ಕಲಿಸಿದ್ದರು. ಮೊದಲು ಕಲ್ಲನ್ನು ನೀರು ಹಾಕಿ ಉಜ್ಜಿ ತೊಳೆಯಬೇಕು. ಪಾಚಿ, ಎಣ್ಣೆ, ಕುಂಕುಮ ಎಲ್ಲ ಹೋಗಬೇಕು, ಆದರೆ ಅಕ್ಷರಕ್ಕೆ ಪೆಟ್ಟು ಬೀಳಬಾರದು. ಆಮೇಲೆ ಒದ್ದೆ ಕಾಗದ ಹಾಸಿ, ಗಟ್ಟಿ ಬ್ರಷ್‌ನಿಂದ ಮೆಲ್ಲಗೆ ಬಡಿಯುತ್ತಾ ಹೋಗುವುದು. ಕಾಗದ ಅಕ್ಷರದ ಗುಳಿಯೊಳಗೆ ಇಳಿಯುತ್ತದೆ. ಸ್ವಲ್ಪ ಆರಿದ ಮೇಲೆ ಬಟ್ಟೆ ಉಂಡೆಗೆ ಮಸಿ ಹಚ್ಚಿ ಮೇಲಿಂದ ಒತ್ತಬೇಕು. ಮೇಲಿನ ಭಾಗ ಕಪ್ಪು, ಅಕ್ಷರ ಬಿಳಿ. ಕಲ್ಲಿನ ಮೇಲೆ ಬರಿಗಣ್ಣಿಗೆ ಏನೂ ಕಾಣದ ಸಾಲು ಕಾಗದದ ಮೇಲೆ ಓದಕ್ಕೆ ಬರುತ್ತದೆ. ಆ ಖುಷಿಯೇ ಬೇರೆ. ಒಂದು ತಮಾಷೆ: ಕೊಡಗಿನಲ್ಲಿ ಜೂನ್‌ನಿಂದ ಅಕ್ಟೋಬರ್ ತನಕ ಕಾಗದ ಆರುವುದೇ ಇಲ್ಲ. ಆರುವ ತಿಂಗಳಲ್ಲಿ ಮನೆಯಲ್ಲಿ ಕಾಫಿ ಕುಯ್ಲು! ನನ್ನ ಫೀಲ್ಡ್ ವರ್ಕ್‌ಗೆ ಅಪ್ಪ ಕೊಟ್ಟ ರಜೆ ಬರೀ ಭಾನುವಾರ.

ಇನ್ನೊಂದು ಮಾತು. ಕೇಂದ್ರ ಪುರಾತತ್ವ ಸರ್ವೇಕ್ಷಣೆಯ ಶಾಸನ ಶಾಖೆಯ ಮುಖ್ಯ ಕಚೇರಿ ಮೈಸೂರಲ್ಲಿದೆ. ರಾಜ್ಯದ ಪುರಾತತ್ವ ಇಲಾಖೆಯ ಕಚೇರಿಯೂ ಮೈಸೂರಲ್ಲೇ. ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ತಾಳೆಗರಿ ರಾಶಿ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿದ್ದು ಅಲ್ಲೇ, 1905ರಲ್ಲಿ. 1909ರಲ್ಲಿ ಅಚ್ಚಾಯಿತು. ಹಾಗಾಗಿ ಕ್ಲಾಸ್ ಒಂದು ದಿನ ನಡೆಯದಿದ್ದರೂ ಓದಕ್ಕೆ, ನೋಡಕ್ಕೆ, ಕೇಳಕ್ಕೆ ಜನ ಇದ್ದಾರೆ. ಈ ಸೌಲಭ್ಯ ಕೊಣಾಜೆಯಲ್ಲೂ ಇಲ್ಲ, ಚಿಕ್ಕ ಅಳುವಾರದಲ್ಲೂ ಇಲ್ಲ. ಶಾಸನ ಓದುವವರಿಗೆ ನನ್ನ ಪ್ರಕಾರ ಚರ್ಚೆಯೇ ಬೇಡ.

ಕೊಣಾಜೆ ಬ್ಯಾಚ್:
ಸರಿ ಅಕ್ಕ, ಶಾಸನದ ವಿಷಯದಲ್ಲಿ ಸೋತೆ. ಹಾಕಿಯಲ್ಲಿ ಸೋಲಲ್ಲ.

ಲೈನ್ ಮನೆ ಹುಡುಗಿ:
ಎಲ್ಲರೂ ಮೈಸೂರು ಮೈಸೂರು ಅಂತಿದ್ದೀರಿ. ನಾನು ಸಿದ್ದಾಪುರ ಕಡೆಯ ಒಂದು ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲು ಮನೆಯಲ್ಲಿ ಬೆಳೆದವಳು. ನಮ್ಮ ಮನೆಯಲ್ಲಿ ಹತ್ತನೇ ತರಗತಿ ದಾಟಿದವಳು ನಾನೇ ಮೊದಲು. ಮೈಸೂರಿಗೆ ಕಳಿಸುವುದಿಲ್ಲ ಅಂತ ಮನೆಯಲ್ಲಿ ಒಂದೇ ಮಾತು. ದುಡ್ಡು ಒಂದು ಕಡೆ, ಹೆಣ್ಣುಮಗಳು ಅಷ್ಟು ದೂರ ಅನ್ನುವುದು ಇನ್ನೊಂದು ಕಡೆ. ಚಿಕ್ಕ ಅಳುವಾರ ಇತ್ತು, ಅದಕ್ಕೇ ಪಿ.ಜಿ. ಆಯಿತು. ಆಗ ಅದು ಮಂಗಳೂರು ವಿವಿಯ ಜ್ಞಾನಕಾವೇರಿ ಕೇಂದ್ರ. ಕುಶಾಲನಗರಕ್ಕೆ ಬಂದು ಅಲ್ಲಿಂದ ಕೂಡಿಗೆ ಕಡೆ ಬಸ್ ಹಿಡಿಯಬೇಕು. ಬೆಳಗ್ಗೆ ಕತ್ತಲಲ್ಲೇ ಹೊರಡುತ್ತಿದ್ದೆ. ಒಂದು ಬಸ್ ತಪ್ಪಿದರೆ ಮೊದಲ ಕ್ಲಾಸ್ ಹೋಯಿತು.
ಲೈಬ್ರರಿ ಸಣ್ಣದು, ನಿಜ. ಲ್ಯಾಬ್‌ನಲ್ಲಿ ಸಾಮಾನು ಕಾಯಬೇಕಾಗಿತ್ತು, ನಿಜ. ಆದರೆ ಮೇಷ್ಟ್ರಿಗೆ ಪ್ರತಿಯೊಬ್ಬರ ಹೆಸರೂ ಗೊತ್ತಿತ್ತು. ಎರಡು ದಿನ ಬರದಿದ್ದರೆ ಫೋನ್ ಬರುತ್ತಿತ್ತು. ಇವತ್ತು ನಾನು ಕೆಲಸದಲ್ಲಿದ್ದೇನೆ. "ಅಲ್ಲಿ ಏನಿದೆ" ಅಂತ ಕೇಳುವವರಿಗೆ ಇಷ್ಟೇ ಉತ್ತರ.

ಏಲಕ್ಕಿ ಭಾಗಮಂಡಲ:
👏 ಈ ಮಾತನ್ನು ವಿವಿ ಮುಚ್ಚಬೇಕು ಅನ್ನುವವರು ಓದಬೇಕು.

ಹಾರಂಗಿ ದಂಡೆ:
ಮುಚ್ಚುವ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಸುಮ್ನೆ ಹೆದರಿಕೆ ಬೇಡ. 2022ರ ಬಜೆಟ್‌ನಲ್ಲಿ ಬೊಮ್ಮಾಯಿ ಸರ್ಕಾರ ಏಳು ಹೊಸ ವಿವಿ ಘೋಷಣೆ ಮಾಡಿತು: ಕೊಡಗು, ಹಾಸನ, ಚಾಮರಾಜನಗರ, ಹಾವೇರಿ, ಬಾಗಲಕೋಟೆ, ಕೊಪ್ಪಳ, ಬೀದರ್. 2023ರಲ್ಲಿ ಶುರುವಾದವು. 2025ರ ಫೆಬ್ರವರಿಯಲ್ಲಿ ಡಿ.ಕೆ. ಶಿವಕುಮಾರ್ ಅವರ ಸಂಪುಟ ಉಪಸಮಿತಿ ಬೀದರ್ ಬಿಟ್ಟು ಉಳಿದ ಹೊಸ ವಿವಿಗಳನ್ನು ಮುಚ್ಚುವ ಕಡೆ ಒಲವು ತೋರಿಸಿತು. ಕಾರಣ ದುಡ್ಡು. ಇಲ್ಲಿ ಪ್ರತಿಭಟನೆ ಆಯಿತು, ನಿಮಗೆಲ್ಲ ಗೊತ್ತು.

ದುಡ್ಡಿನ ಲೆಕ್ಕ ಹೀಗೆ. ಇಂಥ ವಿವಿಗೆ ಸ್ವಂತ ಆದಾಯ ಅಂದರೆ ಮುಖ್ಯವಾಗಿ ಪರೀಕ್ಷಾ ಶುಲ್ಕ ಮತ್ತು ಕಾಲೇಜುಗಳ ಸಂಯೋಜನೆ ಶುಲ್ಕ. ಕಾಲೇಜು ಜಾಸ್ತಿ ಇದ್ದರೆ ದುಡ್ಡು ಜಾಸ್ತಿ. ಕೊಡಗು ಸಣ್ಣ ಜಿಲ್ಲೆ, ಕಾಲೇಜು ಕಡಿಮೆ, ಮಕ್ಕಳೂ ಕಡಿಮೆ. ಅತ್ತ ಮಂಗಳೂರು ವಿವಿಗೂ ಈ ಕಾಲೇಜುಗಳು ಹೋದದ್ದರಿಂದ ಆದಾಯ ಖೋತಾ. ಅವರಿಗೆ ಪಿಂಚಣಿ ಭಾರ ಬೇರೆ. ಒಂದು ರೊಟ್ಟಿ ಎರಡು ಮಾಡಿದ ಹಾಗೆ, ಇಬ್ಬರಿಗೂ ಹೊಟ್ಟೆ ತುಂಬಲಿಲ್ಲ.

ಆದರೆ ಈಗಾಗಲೇ ಕೊಟ್ಟ ಡಿಗ್ರಿಗೆ ಏನೂ ಆಗುವುದಿಲ್ಲ. ಕಾನೂನಿನ ಪ್ರಕಾರ ಸ್ಥಾಪನೆಯಾದ ವಿವಿ ಕೊಟ್ಟ ಪದವಿ ಅದು. ನಾಳೆ ವಿಲೀನ ಆದರೂ ಓದುತ್ತಿರುವವರನ್ನು ಇನ್ನೊಂದು ವಿವಿ ನೋಡಿಕೊಳ್ಳಬೇಕಾಗುತ್ತದೆ. ತೊಂದರೆ ಬರುವುದು ಮಾರ್ಕ್ಸ್ ಕಾರ್ಡ್, ಫಲಿತಾಂಶ ತಡ ಆಗುವುದರಲ್ಲಿ.

ನಿವೃತ್ತ ಮೇಷ್ಟ್ರು ಸೋಮವಾರಪೇಟೆ:
ಇಲ್ಲಿ ನನ್ನದೊಂದು ಮಾತು ಇದೆ. ಸಣ್ಣ ಜಿಲ್ಲೆಗೆ ದೊಡ್ಡ ವಿವಿಯ ನಕಲು ಬೇಡ. ಹತ್ತಾರು ವಿಭಾಗ ತೆರೆದು ಎಲ್ಲ ಕಡೆ ಅತಿಥಿ ಉಪನ್ಯಾಸಕರನ್ನು ಕೂರಿಸುವುದಕ್ಕಿಂತ, ಬೇರೆ ಎಲ್ಲೂ ಸಿಗದ ನಾಲ್ಕು ವಿಷಯ ಇಟ್ಟುಕೊಳ್ಳಲಿ. ಕೊಡವ ಭಾಷೆಯಲ್ಲಿ ಎಂ.ಎ. ಮಡಿಕೇರಿಯಲ್ಲಿ ಶುರುವಾದಾಗ ನಗಾಡಿದವರು ಇದ್ದರು. ನನಗೆ ಅದೇ ಸರಿಯಾದ ದಾರಿ ಅನಿಸಿತು. ಅರೆಭಾಷೆ, ಯರವ, ಜೇನು ಕುರುಬರ ಮಾತು, ಕಾಫಿ, ಕಾಳುಮೆಣಸು, ಭೂಕುಸಿತ, ಆನೆ ಮನುಷ್ಯರ ಸಂಘರ್ಷ. ಇವುಗಳ ಮೇಲೆ ಕೆಲಸ ಮಾಡಲು ಜಗತ್ತಿನ ಬೇರೆ ಯಾವ ಕ್ಯಾಂಪಸ್‌ಗೆ ಇಷ್ಟು ಹತ್ತಿರ ಸಾಮಗ್ರಿ ಇದೆ? ಪೊನ್ನಂಪೇಟೆಯ ಅರಣ್ಯ ಕಾಲೇಜನ್ನೇ ನೋಡಿ, 1995ರಿಂದ ಇದೆ. ಒಂದೇ ವಿಷಯ, ಸುತ್ತ ಕಾಡು. ದೇಶದ ಎಲ್ಲ ಕಡೆಯಿಂದ ಬರುತ್ತಾರೆ.

ಕೊಣಾಜೆ ಬ್ಯಾಚ್:
ಮೇಷ್ಟ್ರೇ ಒಪ್ಪಿದೆ, ಆದರೆ ಬಿ.ಎ., ಬಿ.ಕಾಂ. ಓದುವ ಸಾವಿರಾರು ಮಕ್ಕಳಿಗೆ ಆನೆ ಸಂಘರ್ಷ ಬೇಕಿಲ್ಲ, ಟೈಮಿಗೆ ರಿಸಲ್ಟ್ ಬೇಕು. ನನ್ನ ತಮ್ಮನ ಮಾರ್ಕ್ಸ್ ಕಾರ್ಡ್‌ಗೆ ಒಂದು ವಿವಿಯಲ್ಲಿ ಎಷ್ಟು ಅಲೆದೆವು ಅಂತ ಹೇಳಿದರೆ ಇನ್ನೊಂದು ಥ್ರೆಡ್ ಆಗುತ್ತದೆ. ಯಾವ ವಿವಿ ಅಂತ ಕೇಳಬೇಡಿ. 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ಅಂದರು, 2024ಕ್ಕೆ ಮತ್ತೆ ಮೂರು ವರ್ಷ ಅಂದರು. ಮಧ್ಯೆ ಸಿಕ್ಕಿದ ಬ್ಯಾಚ್‌ಗಳ ಗತಿ ಕೇಳಿ.

ಗಂಗೋತ್ರಿ ಹಳೇ ಹಾಸ್ಟೆಲ್:
ಅದು ನಿಜ. ಸರಿ, ವಾಪಸ್ ಹುಡುಗಿಯ ವಿಷಯಕ್ಕೆ ಬರೋಣ. ಹಾಸ್ಟೆಲ್ ಜೀವನದ ಬಗ್ಗೆ ಯಾರೂ ಹೇಳಲಿಲ್ಲ.

ಗಂಗೋತ್ರಿಯಲ್ಲಿ ವಿವಿಯದ್ದೇ ಹೆಣ್ಣುಮಕ್ಕಳ ಹಾಸ್ಟೆಲ್ ಇದೆ. ಸೀಟು ಎಲ್ಲರಿಗೂ ಸಿಗುವುದಿಲ್ಲ. ಸಿಗದಿದ್ದರೆ ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್ ಅಥವಾ ಸಮಾಜ ಕಲ್ಯಾಣ ಇಲಾಖೆಯದ್ದು ನೋಡಿ, ಅರ್ಜಿ ಬೇರೆ ಹಾಕಬೇಕು. ಸ್ಕಾಲರ್‌ಶಿಪ್‌ಗೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್. ಜಾತಿ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯಾ ಅಂತ ಈಗಲೇ ನೋಡಿ, ಆಮೇಲೆ ನಾಡಕಚೇರಿ ಮುಂದೆ ನಿಲ್ಲಬೇಡಿ.

ಊಟ ಮಾತ್ರ ಮೊದಲ ವಾರ ಕಷ್ಟ. ನಮಗೆ ಅಕ್ಕಿ ರೊಟ್ಟಿ, ಕಡುಬಿನ ಅಭ್ಯಾಸ, ಅಲ್ಲಿ ಮುದ್ದೆ. ಆಮೇಲೆ ಮುದ್ದೆಯೇ ರುಚಿ ಅನಿಸುತ್ತದೆ. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ನಡೆಯುವುದು, ಸಂಜೆ ಲೈಬ್ರರಿ. ದಸರಾ ಮುಂಚೆ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ, ರಾಜ್ಯದ ಕಾಲೇಜು ಮಕ್ಕಳೆಲ್ಲ ಅಲ್ಲೇ. ಆ ವಾರ ಓದು ಆಗುವುದಿಲ್ಲ, ಆಸೆಯೂ ಇಟ್ಟುಕೊಳ್ಳಬೇಡಿ. ಜಯಲಕ್ಷ್ಮಿ ವಿಲಾಸ ಅರಮನೆಯಲ್ಲಿ ಜಾನಪದ ವಸ್ತುಸಂಗ್ರಹಾಲಯ ಇದೆ, ಕ್ಯಾಂಪಸ್ ಒಳಗೇ.
ಒಂದು ಬೇಜಾರು: ನಮ್ಮ ಕೊಡಗಿನ ಹಬ್ಬ ಕೈಲ್‌ಪೊಳ್ದ್, ಪುತ್ತರಿಗೆ ಅಲ್ಲಿ ರಜೆ ಇಲ್ಲ. ಪುತ್ತರಿಯ ಮರುದಿನ ಇಂಟರ್ನಲ್ ಪರೀಕ್ಷೆ ಇಟ್ಟಿದ್ದರು, ರಾತ್ರಿ ಕದಿರು ತೆಗೆದು ಬೆಳಗಿನ ಮೊದಲ ಬಸ್ ಹತ್ತಿದ್ದೆ. ಆ ಪೇಪರ್‌ನಲ್ಲಿ ಏನು ಬರೆದೆ ಅಂತ ದೇವರಿಗೇ ಗೊತ್ತು.

ಲೈನ್ ಮನೆ ಹುಡುಗಿ:
ಬಸ್ ಖರ್ಚು ಈಗ ದೊಡ್ಡ ವಿಷಯ ಅಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಸಾಮಾನ್ಯ ಸರ್ಕಾರಿ ಬಸ್ ಹೆಣ್ಣುಮಕ್ಕಳಿಗೆ ಫ್ರೀ. ನಾನು ಓದುವಾಗ ಇದು ಇದ್ದಿದ್ದರೆ ಮೈಸೂರಿಗೇ ಹೋಗುತ್ತಿದ್ದೆನೋ ಏನೋ. ತಂಗಿಗೆ ಆಗುತ್ತದೆ ಅಂದರೆ ಕಳಿಸಿ ಅಣ್ಣ. ನಾನು ಹೇಳಿದ್ದು ಹೋಗಲು ಆಗದವರ ಪರವಾಗಿ.

ಹಾರಂಗಿ ದಂಡೆ:
ಇನ್ನೊಂದು ದಾರಿ ಯಾರೂ ಹೇಳಿಲ್ಲ. ಗಂಗೋತ್ರಿ ಪಕ್ಕದಲ್ಲೇ ಮುಕ್ತ ವಿಶ್ವವಿದ್ಯಾಲಯ ಇದೆ, 1996ರಿಂದ. ಮನೆಯಲ್ಲೇ ಇದ್ದು ಎಂ.ಎ. ಆಗುತ್ತದೆ. ಯುಜಿಸಿ ಮಾನ್ಯತೆ 2015ರಲ್ಲಿ ಹೋಗಿ 2018ರಲ್ಲಿ ವಾಪಸ್ ಬಂತು, ಆಗ ತುಂಬಾ ಮಕ್ಕಳು ಒದ್ದಾಡಿದರು. ಈಗ ಸೇರುವವರು ತಮ್ಮ ಕೋರ್ಸ್ ಆ ವರ್ಷದ ಮಾನ್ಯತೆ ಪಟ್ಟಿಯಲ್ಲಿ ಇದೆಯಾ ಅಂತ ನೋಡಿಕೊಂಡರೆ ಸಾಕು. ಆದರೆ ಶಾಸನ ಕಲಿಯುವವರಿಗೆ ಇದು ಬೇಡ. ಕಲ್ಲು ಮುಟ್ಟಿ ಕಲಿಯಬೇಕಾದ ವಿಷಯ ಅದು.

ಏಲಕ್ಕಿ ಭಾಗಮಂಡಲ:
ಎಂ.ಎ. ಆದಮೇಲೆ ಏನು ಅಂತಲೂ ಹೇಳಿ. ನಮ್ಮಲ್ಲಿ ಇತಿಹಾಸ ಎಂ.ಎ. ಮಾಡಿ ಹೋಂಸ್ಟೇ ನಡೆಸುವವರು ಇದ್ದಾರೆ.

ಗಂಗೋತ್ರಿ ಹಳೇ ಹಾಸ್ಟೆಲ್:
ಹೋಂಸ್ಟೇ ನಡೆಸಿದರೆ ತಪ್ಪೇನು? ಬಂದವರಿಗೆ ನಾಲ್ಕು ಒಳ್ಳೇ ಕಥೆ ಹೇಳಬಹುದು. ಕಾಲೇಜಲ್ಲಿ ಪಾಠ ಮಾಡಬೇಕು ಅಂದರೆ ನೆಟ್ ಅಥವಾ ಕೆಸೆಟ್ ಅರ್ಹತಾ ಪರೀಕ್ಷೆ ಪಾಸಾಗಲೇಬೇಕು. ಕೆಸೆಟ್ ಮೊದಲು ಮೈಸೂರು ವಿವಿಯೇ ನಡೆಸುತ್ತಿತ್ತು, ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ). ಎರಡನೇ ಸೆಮಿಸ್ಟರ್‌ನಿಂದಲೇ ಓದಲು ಶುರು ಮಾಡಲಿ. ಹಳಗನ್ನಡ, ಸ್ವಲ್ಪ ಸಂಸ್ಕೃತ ಇದ್ದರೆ ಶಾಸನದ ಕಡೆ ಸ್ಪರ್ಧೆ ಕಡಿಮೆ. ಓದಲು ಬರುವವರೇ ಕಡಿಮೆ ಆಗಿದ್ದಾರೆ.

ಹೂಮಳೆ ಮೂರ್ನಾಡು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮನೆಯಲ್ಲಿ ಕೂತು ಮಾತಾಡಿದೆವು. ಮೊದಲ ಅರ್ಜಿ ಗಂಗೋತ್ರಿಯ ಪ್ರಾಚೀನ ಇತಿಹಾಸಕ್ಕೆ, ಎರಡನೆಯದು ಕೊಣಾಜೆಗೆ. ಚಿಕ್ಕಪ್ಪ ಮುಖ ಊದಿಸಿಕೊಂಡಿದ್ದಾರೆ. ಅಮ್ಮ ಒಂದು ಷರತ್ತು ಹಾಕಿದ್ದಾರೆ: ಪ್ರಬಂಧ ಕೊಡಗಿನ ಮೇಲೇ ಬರೆಯಬೇಕು, ಆಗ ಕೆಲಸದ ನೆಪದಲ್ಲಾದರೂ ಮನೆಗೆ ಬರುತ್ತಾಳಲ್ಲ ಅಂತ. ಒಂದು ಪ್ರಶ್ನೆ: ಒಂದು ವಿವಿಯಿಂದ ಇನ್ನೊಂದಕ್ಕೆ ಹೋಗುವಾಗ ಏನೇನು ಕಾಗದ ಬೇಕು?

ಹಾರಂಗಿ ದಂಡೆ:
ಟಿ.ಸಿ., ಎಲ್ಲ ಸೆಮಿಸ್ಟರ್ ಮಾರ್ಕ್ಸ್ ಕಾರ್ಡ್, ಮೈಗ್ರೇಷನ್ ಸರ್ಟಿಫಿಕೇಟ್. ಮೈಗ್ರೇಷನ್‌ಗೆ ಡಿಗ್ರಿ ಓದಿದ ವಿವಿಗೆ ಅರ್ಜಿ ಹಾಕಬೇಕು, ಕೊನೇ ಸೆಮಿಸ್ಟರ್ ಫಲಿತಾಂಶ ಬಂದ ದಿನವೇ ಹಾಕಿ. ಅಡ್ಮಿಷನ್ ದಿನ ಸಿಗದಿದ್ದರೆ ಇಷ್ಟು ದಿನದಲ್ಲಿ ತಂದುಕೊಡುತ್ತೇನೆ ಅಂತ ಮುಚ್ಚಳಿಕೆ ಬರೆದುಕೊಡಲು ಬಿಡುತ್ತಾರಾ ಅಂತ ವಿಭಾಗದಲ್ಲಿ ಮೊದಲೇ ಕೇಳಿ.

ನಿವೃತ್ತ ಮೇಷ್ಟ್ರು ಸೋಮವಾರಪೇಟೆ:
ಫಾರಂ ತುಂಬುವಾಗ ಹೆಸರು ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡ್‌ನಲ್ಲಿ ಇದ್ದ ಹಾಗೇ ಬರೆಯಿರಿ. ನಮ್ಮ ಕಡೆ ಮನೆ ಹೆಸರು ಒಂದು ಕಾಗದದಲ್ಲಿ ಮುಂದೆ ಪೂರ್ತಿ ಇರುತ್ತದೆ, ಇನ್ನೊಂದರಲ್ಲಿ ಒಂದೇ ಅಕ್ಷರ, ಆಧಾರ್‌ನಲ್ಲಿ ಇರುವುದೇ ಇಲ್ಲ. ಕೊಡಗಿನ ಮಕ್ಕಳು ಮೈಸೂರಿನ ಕೌಂಟರ್‌ನಲ್ಲಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ವ್ಯತ್ಯಾಸ ಇದ್ದರೆ ಈಗಲೇ ಒಂದು ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ.